ದರಿಯಾ ದೌಲತ್ತಿನ ಯುದ್ಧಚಿತ್ರ

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಟೀಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಎಂಬ ತೋಟದ ಅರಮನೆಯಿರುವುದು ವಾಚಕರಿಗೆ ವಿದಿತವೇ ಆಗಿದೆ. ಅದರ ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧವು ಚಿತ್ರಿತವಾಗಿದೆ. 1780ನೆಯ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದಲ್ಲಿ ಹೈದರನೂ ಟೀಪುವೂ ಕರ್ನಲ್ ಬೈಲಿಯ ಇಂಗ್ಲಿಷ್ ಸೈನ್ಯವನ್ನು ನಿರ್ಮೂಲಗೊಳಿಸಿದ ಯುದ್ಧವದು. ಈ ಚಿತ್ರವನ್ನು ಚರಿತ್ರೆಯ ಸಾಕ್ಷ್ಯವೆಂದು ಹಿಡಿಯಬೇಕೆ, ಪ್ರಶಸ್ತಿಕಾವ್ಯದಂತೆ ಓದಬೇಕೆ ಎಂಬುದು ಇಲ್ಲಿಯ ವಿಚಾರ.

ಬಾಲ್ಯದಲ್ಲಿ ಪಶ್ಚಿಮವಾಹಿನಿಯ ಪರ್ವಸ್ನಾನಕ್ಕೆ ಬಂದಾಗಲೆಲ್ಲ ನಮ್ಮ ತಂದೆಯವರು ನನ್ನನ್ನು ಈ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇಡೀ ಚಿತ್ರವು ಒಂದೇ ನೋಟಕ್ಕೆ ಹಿಡಿಯುತ್ತಿರಲಿಲ್ಲವಾದುದರಿಂದ, ಗೋಡೆಯ ಉದ್ದಕ್ಕೂ ನಡೆಯುತ್ತ ಪಲ್ಲಕ್ಕಿಯನ್ನು ಹುಡುಕುತ್ತಿದ್ದೆನು. ಚೌಕವಾಗಿ ನಿಂತ ಕೆಂಪಂಗಿಯ ಸಿಪಾಯಿಗಳ ನಡುವೆ, ಗಾಯಗೊಂಡ ಬೈಲಿಯು ಅದರಲ್ಲಿ ಕುಳಿತಿರುವನು. ಮದ್ದಿನ ಬಂಡಿಯು ಸಿಡಿಯುತ್ತಿರುವುದು. "ಸೋತವನಿಗೆ ಪಲ್ಲಕ್ಕಿಯೇಕೆ?" ಎಂದು ಒಮ್ಮೆ ಕೇಳಿದೆನು. "ಸೋತವನು ದೊಡ್ಡವನಾದರೆ ಗೆದ್ದವನು ಇನ್ನೂ ದೊಡ್ಡವನಾಗುತ್ತಾನಪ್ಪ" ಎಂದರು ತಂದೆಯವರು.

ದಂಡಿಯ ಮತವೂ ಇದೇ. ಶತ್ರುವಿನ ವಂಶವೀರ್ಯಾದಿಗಳನ್ನು ವರ್ಣಿಸಿ, ಅವನನ್ನು ಜಯಿಸಿದುದರಿಂದ ನಾಯಕನಿಗೆ ಉತ್ಕರ್ಷವನ್ನು ಹೇಳುವುದನ್ನು ಆತನು ಕಾವ್ಯಾದರ್ಶದಲ್ಲಿ ಮೆಚ್ಚಿರುವನು. ಮಹಾಕಾವ್ಯಕ್ಕೆ ಆತನು ವಿಧಿಸಿದ ವರ್ಣನೆಗಳಲ್ಲಿ ಪ್ರಯಾಣ, ಯುದ್ಧ, ನಾಯಕಾಭ್ಯುದಯಗಳು ಸೇರಿವೆ. ಇಲ್ಲಿಯೂ ಗೋಡೆಯ ಒಂದು ಭಾಗದಲ್ಲಿ ಹೈದರನೂ ಟೀಪುವೂ ಸೇನಾಸಮೇತರಾಗಿ ಸಾಗುವರು. ಇನ್ನೊಂದು ಭಾಗದಲ್ಲಿ ಯುದ್ಧವೂ ಜಯವೂ ಇವೆ. ಚಿತ್ರಕಾರನು ದಂಡಿಯನ್ನು ಓದಿದ್ದನೆಂದು ಇದರಿಂದ ಸಾಧಿಸಬೇಕಾಗಿಲ್ಲ. ರಾಜಸ್ತುತಿಯ ಕ್ರಮವು ಕವಿಗೂ ಚಿತ್ರಕಾರನಿಗೂ ಸಾಮಾನ್ಯವಾದುದೆಂದರೆ ಸಾಕು. ಸರ್ಗದಿಂದ ಸರ್ಗಕ್ಕೆ ಹೋಗುವಂತೆ ಈ ಗೋಡೆಯನ್ನು ನಡೆದೇ ಓದಬೇಕು.

ಇನ್ನು ಪಾಠದ ವಿಷಯ. 1799ರಲ್ಲಿ ಟೀಪು ಮಡಿದ ತರುವಾಯ ಈ ಅರಮನೆಯಲ್ಲಿ ವಾಸಿಸಿದ ಕರ್ನಲ್ ವೆಲ್ಲೆಸ್ಲಿಯು ಮಾಸಿದ್ದ ಚಿತ್ರವನ್ನು ಸರಿಪಡಿಸಿದನು. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ (1848–1856) ಮತ್ತೊಮ್ಮೆ ಬಣ್ಣ ಹಾಕಿಸಲಾಯಿತು. ಪರಾಜಿತರ ಕಡೆಯವರೇ ತಮ್ಮ ಪರಾಜಯದ ಪ್ರಶಸ್ತಿಯನ್ನು ಪ್ರತಿಮಾಡಿಸಿದಂತಾಯಿತು. ಓಲೆಯ ಪ್ರತಿಯೊಂದನ್ನು ಎರಡು ಸಲ ನಕಲು ಮಾಡಿದಾಗ ಪಾಠಾಂತರಗಳನ್ನು ಶಂಕಿಸುವ ನಾವು, ಈ ಬಣ್ಣಗಳ ವಿಷಯದಲ್ಲಿಯೂ ಅಷ್ಟೇ ಎಚ್ಚರದಿಂದಿರಬೇಕು.

ಆದುದರಿಂದ ಅಂಗಿಯ ಬಣ್ಣವನ್ನೋ ತೋಪುಗಳ ಸಂಖ್ಯೆಯನ್ನೋ ನಿರ್ಣಯಿಸಲು ಈ ಚಿತ್ರವೊಂದನ್ನೇ ನಂಬುವುದು ಯುಕ್ತವಲ್ಲ. ಗೆದ್ದವರು ತಮ್ಮ ಜಯವು ಯಾವ ರೂಪದಲ್ಲಿ ಉಳಿಯಬೇಕೆಂದು ಬಯಸಿದರೆಂಬುದಕ್ಕೆ ಮಾತ್ರ ಇದು ಬಲವಾದ ಪ್ರಮಾಣ. ಉಪಾಧ್ಯಾಯರು ಮಹಾಕಾವ್ಯದ ಯುದ್ಧವರ್ಣನೆಯನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳನ್ನು ಒಮ್ಮೆ ಈ ಗೋಡೆಯ ಮುಂದೆ ನಡೆಸಿದರೆ, ಲಕ್ಷಣವು ಲಕ್ಷ್ಯದೊಡನೆ ಮನಸ್ಸಿನಲ್ಲಿ ನಿಲ್ಲುವುದು.