ಸೂಜಿ ಚುಚ್ಚಿದ ಚರ್ಮಕ್ಕೆ ಸೀರಮ್ ಹಚ್ಚುವ ಮುನ್ನ

ಡಿಸೆಂಬರ್ ರಜೆಗೆ ಊರಿಗೆ ಹೊರಡುವ ತಯಾರಿ ಶುರುವಾದರೆ ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಖರೀದಿ ಪಟ್ಟಿಯ ಜತೆ ಮುಖದ ಚಿಂತೆಯೂ ಸೇರಿಕೊಳ್ಳುತ್ತದೆ. ಹರೆಯದ ಮೊಡವೆ ಬಿಟ್ಟುಹೋದ ಗುಳಿಗಳನ್ನು ನೋಡಿ ಮದುವೆಮನೆಯಲ್ಲಿ ಯಾರಾದರೂ 'ಮುಖಕ್ಕೇನಾಯ್ತೇ?' ಎಂದು ಕೇಳಿಯೇ ಕೇಳುತ್ತಾರೆ. ಇದೇ ಆತುರದಲ್ಲಿ ಕಳೆದ ವರ್ಷ ನಾವು ಗಂಡ ಹೆಂಡತಿ ನ್ಯೂಜೆರ್ಸಿಯ ಒಂದು ಸ್ಪಾಗೆ ಹೋದೆವು.

ಅವರು ಕೊಟ್ಟ ದರಪಟ್ಟಿಯಲ್ಲಿ ಮೈಕ್ರೋನೀಡ್ಲಿಂಗ್ ಒಂದು ಸಾಲು, ವಿಟಮಿನ್ ಸಿ ಸೀರಮ್ ಇನ್ನೊಂದು ಸಾಲು. ಲೆಕ್ಕ ನೋಡುವುದೇ ಕಸುಬಾದ್ದರಿಂದ ಎರಡನೆಯದು ಯಾಕೆ ಎಂದು ಕೇಳಿದೆವು. 'ರಂಧ್ರ ತೆರೆದಿರುವಾಗ ಹಚ್ಚಿದರೆ ಒಳಗೆ ಇಳಿಯುತ್ತದೆ' ಎಂದರು. ಮಾತು ನಿಜ. ನಮಗೆ ಅಳುಕು ಹುಟ್ಟಿದ್ದೂ ಅದರಿಂದಲೇ. ಒಳಗೆ ಇಳಿಯುವ ಆ ಬಾಟಲಿಯಲ್ಲಿ ಏನೇನಿದೆ ಎಂದು ಹೇಳುವವರು ಅಲ್ಲಿರಲಿಲ್ಲ. ಹಣ ಕಟ್ಟದೆ ಹೊರಬಂದು ಚರ್ಮರೋಗ ತಜ್ಞೆಯನ್ನು ಕಂಡೆವು.

ಮೈಕ್ರೋನೀಡ್ಲಿಂಗ್‌ನಲ್ಲಿ ಸಣ್ಣ ಸೂಜಿಗಳು ಚರ್ಮದಲ್ಲಿ ಸೂಕ್ಷ್ಮ ಗಾಯ ಮಾಡುತ್ತವೆ. ಅದನ್ನು ವಾಸಿಮಾಡಲು ದೇಹ ಹೊಸ ಕೊಲಾಜೆನ್ ಕಟ್ಟುತ್ತದೆ, ಗುಳಿ ನಿಧಾನವಾಗಿ ತುಂಬುತ್ತದೆ. ಅಂದರೆ ಮುಖ್ಯ ಕೆಲಸ ಸೂಜಿಯದೇ. ನಾವು ದಿನವೂ ಹಚ್ಚುವ ಕ್ರೀಮುಗಳನ್ನು ಚರ್ಮದ ಹೊರಪದರ ಬಹುಮಟ್ಟಿಗೆ ತಡೆಯುತ್ತದೆ. ಸೂಜಿ ಆ ತಡೆಯನ್ನೇ ಮುರಿದಾಗ ಸುವಾಸನೆ, ಸಂರಕ್ಷಕ ರಾಸಾಯನಿಕ ಎಲ್ಲವೂ ಒಳಹೋಗುತ್ತವೆ. ಹೀಗೆ ಸೂಜಿಯ ಜತೆ ಲೇಪ ಬಳಸಿದ ಮೂವರು ಮಹಿಳೆಯರ ಮುಖದಲ್ಲಿ ಅಲರ್ಜಿಯ ಗಂಟುಗಳೆದ್ದ ಪ್ರಕರಣ 2014ರಲ್ಲಿ 'ಜಾಮಾ ಡರ್ಮಟಾಲಜಿ' ಪತ್ರಿಕೆಯಲ್ಲಿ ವರದಿಯಾಗಿದೆ.

ಅಮೆರಿಕದ ಎಫ್‌ಡಿಎ 2018ರಲ್ಲಿ ಮೊಡವೆ ಕಲೆಗಳಿಗಾಗಿ ಮೊದಲ ಮೈಕ್ರೋನೀಡ್ಲಿಂಗ್ ಸಾಧನಕ್ಕೆ ಅನುಮತಿ ಕೊಟ್ಟಿತು. ಆದರೆ ಸೀರಮ್, ಔಷಧ ಅಥವಾ ರಕ್ತದ ಪ್ಲಾಸ್ಮಾವನ್ನು ಚರ್ಮದೊಳಗೆ ಸೇರಿಸುವ ಬಳಕೆಗೆ ಆ ಒಪ್ಪಿಗೆ ಅನ್ವಯಿಸುವುದಿಲ್ಲ. ಶುಚಿತ್ವ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂ ಮೆಕ್ಸಿಕೋದ ಉದಾಹರಣೆಯಿದೆ. ಅಲ್ಲಿ ಪರವಾನಗಿ ಇಲ್ಲದ ಸ್ಪಾ ಒಂದರಲ್ಲಿ ಪ್ಲಾಸ್ಮಾ ಜತೆಗಿನ ಇಂಥ ಚಿಕಿತ್ಸೆಯಿಂದ ಎಚ್‌ಐವಿ ಹರಡಿದ್ದನ್ನು ಸಿಡಿಸಿ 2024ರಲ್ಲಿ ದಾಖಲಿಸಿತು.

ನಮ್ಮ ಗೋಧಿ ಬಣ್ಣದ ಚರ್ಮಕ್ಕೆ ಇನ್ನೊಂದು ಅಪಾಯವೂ ಇದೆ: ಗಾಯ ಕೆರಳಿದರೆ ಕಪ್ಪು ಕಲೆ ಉಳಿಯುತ್ತದೆ. ಶಾಖವಿಲ್ಲದ ಕಾರಣ ಲೇಸರ್‌ಗಿಂತ ಇದರಲ್ಲಿ ಆ ಭಯ ಕಡಿಮೆ ಎಂದು ವೈದ್ಯೆ ಹೇಳಿದರು. ಜತೆಗೆ, ಸೂಜಿ ಜಾರಲು ಕ್ರಿಮಿಮುಕ್ತ ಜೆಲ್ ಮಾತ್ರ ಸಾಕು, ರೆಟಿನಾಲ್ ಮತ್ತು ಆಮ್ಲದ ಲೇಪಗಳು ಚರ್ಮ ಪೂರ್ತಿ ಮಾಯುವವರೆಗೆ ಬೇಡ, ಬಿಸಿಲಿಗೆ ಸನ್‌ಸ್ಕ್ರೀನ್ ತಪ್ಪಿಸಬೇಡಿ ಎಂದರು. ಕೀಲಾಯ್ಡ್ ಏಳುವ ಚರ್ಮದವರು, ಮುಖದಲ್ಲಿ ಹಸಿ ಮೊಡವೆ ಇರುವವರು ಮೊದಲು ವೈದ್ಯರನ್ನು ಕೇಳಲೇಬೇಕು. ಮನೆಯಲ್ಲೇ ರೋಲರ್ ಉರುಳಿಸಿ ಅದರ ಮೇಲೆ ಸೀರಮ್ ಸವರುವ ಗೆಳತಿಯರಿಗೂ ಈ ಮಾತು ಸಲ್ಲುತ್ತದೆ.

ತಿಂಗಳಿಗೊಂದರಂತೆ ಹಲವು ಸಲ ಮಾಡಿಸಬೇಕಾದ ಚಿಕಿತ್ಸೆಯಿದು. ಮದುವೆಯ ಹೊತ್ತಿಗೆ ನಮ್ಮವರಿಗೆ ಎರಡೇ ಆಗಿದ್ದವು. ಕಲೆ ಹಾಗೇ ಇತ್ತು, ದೊಡ್ಡತ್ತೆಯ ಪ್ರಶ್ನೆಯೂ ಬಂತು. ಈಗ, ನಾಲ್ಕು ಮುಗಿದ ಮೇಲೆ, ಗುಳಿಗಳ ಆಳ ತಗ್ಗಿದೆ, ಪೂರ್ತಿ ಹೋಗಿಲ್ಲ. ಊರಿನ ಟಿಕೆಟ್ ದಿನಾಂಕ ನೋಡಿ ಚರ್ಮ ಮಾಯುವುದಿಲ್ಲ. ಸೂಜಿಗೆ ಮುಖ ಒಡ್ಡುವ ಮುನ್ನ ಸೀರಮ್ ಬಾಟಲಿಯ ಹಿಂಬದಿಯನ್ನೊಮ್ಮೆ ಓದಿ, ಅದನ್ನು ವೈದ್ಯರಿಗೂ ತೋರಿಸಿ.