ರೈತ ಕುಟುಂಬದ ಮಕ್ಕಳಿಗೆ ವ್ಯವಹಾರ ನಿರ್ವಹಣೆಯ ಉನ್ನತ ಶಿಕ್ಷಣ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರು ಬೆಳೆ ತೆಗೆಯುವುದರಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆಯಲ್ಲಿ ಕೆರೆ ಮತ್ತು ಕೊಳವೆ ಬಾವಿಗಳನ್ನು ನಂಬಿ ಟೊಮೆಟೊ, ತರಕಾರಿ, ಹಿಪ್ಪುನೇರಳೆ, ಮಾವು ಬೆಳೆದು, ಹಸು ಕಟ್ಟಿ ಹಾಲು ಕರೆದು ಬದುಕು ಸಾಗಿಸಿದ್ದಾರೆ. ಆದರೆ ಬೆಳೆದದ್ದನ್ನು ಮಾರುವ ವಿಷಯಕ್ಕೆ ಬಂದಾಗ ಈ ಜಾಣ್ಮೆ ಸಾಲದಾಗುತ್ತದೆ. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ 2023ರ ಜುಲೈ ತಿಂಗಳಲ್ಲಿ 15 ಕಿಲೋ ಟೊಮೆಟೊ ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಅದೇ ಮಾರುಕಟ್ಟೆಗೆ ತಂದ ಹಣ್ಣಿಗೆ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ರಸ್ತೆಗೆ ಸುರಿದು ಹೋದ ದಿನಗಳೂ ಇವೆ. 2025ರ ಜೂನ್ ತಿಂಗಳಲ್ಲಿ ನೆರೆಯ ಚಿತ್ತೂರು ಜಿಲ್ಲೆಯ ಆಡಳಿತವು ಹೊರ ರಾಜ್ಯದ ತೋತಾಪುರಿ ಮಾವು ತನ್ನ ಜಿಲ್ಲೆಯೊಳಗೆ ಬಾರದಂತೆ ತಡೆದಾಗ, ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನೆಚ್ಚಿದ್ದ ಶ್ರೀನಿವಾಸಪುರದ ಬೆಳೆಗಾರರು ಕಂಗಾಲಾದರು. ಕೊನೆಗೆ ಎರಡೂವರೆ ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಮುಂದಾಗಬೇಕಾಯಿತು.

ಇಂಥ ಮನೆಗಳ ಮಕ್ಕಳು ಈಗ ಪದವಿ ಮುಗಿಸಿ ಎಂ.ಬಿ.ಎ., ಅಂದರೆ ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪದವಿ, ಓದಬೇಕೆಂದು ಕೇಳುತ್ತಿದ್ದಾರೆ. ನರಸಾಪುರ, ವೇಮಗಲ್ ಮತ್ತು ಮಾಲೂರಿನ ಕೈಗಾರಿಕಾ ಪ್ರದೇಶಗಳು ಕಣ್ಣೆದುರಿಗೇ ಇರುವುದರಿಂದ ಈ ಆಸೆ ಸಹಜವಾದದ್ದು. ಈ ಓದಿನಲ್ಲಿ ಏನಿದೆ, ಅದು ಹೊಲ ತೋಟಗಳ ವ್ಯವಹಾರಕ್ಕೆ ಎಷ್ಟರಮಟ್ಟಿಗೆ ಉಪಯೋಗ, ಅದಕ್ಕಾಗಿ ಎಷ್ಟು ಸಾಲ ಮಾಡಬಹುದು ಎಂಬುದನ್ನು ತಂದೆ ತಾಯಿಗಳು ಮೊದಲೇ ತಿಳಿದುಕೊಳ್ಳುವುದು ಅವಶ್ಯಕ.

ಎರಡು ವರ್ಷ ಏನನ್ನು ಕಲಿಸುತ್ತಾರೆ?

ಸಾಮಾನ್ಯವಾಗಿ ಈ ಶಿಕ್ಷಣ ಎರಡು ವರ್ಷಗಳದು. ಮೊದಲ ವರ್ಷ ಲೆಕ್ಕಪತ್ರ, ಹಣಕಾಸು, ಮಾರಾಟ, ಸಿಬ್ಬಂದಿ ನಿರ್ವಹಣೆ, ಅಂಕಿ ಅಂಶಗಳ ವಿಶ್ಲೇಷಣೆ, ವ್ಯವಹಾರ ಕಾನೂನು ಮುಂತಾದವುಗಳನ್ನು ಎಲ್ಲರಿಗೂ ಕಲಿಸುತ್ತಾರೆ. ಎರಡನೆಯ ವರ್ಷ ಒಂದೆರಡು ವಿಷಯಗಳಲ್ಲಿ ಆಳವಾದ ಓದು. ಹೆಸರುಗಳು ಹೊಸದಾಗಿ ಕಂಡರೂ ಒಳಗಿನ ಸರಕು ರೈತನಿಗೆ ಅಪರಿಚಿತವಲ್ಲ. ಎರಡು ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ. ಇಲ್ಲಿನ ಅಂಕಿಗಳು ಲೆಕ್ಕದ ದಾರಿಯನ್ನು ತೋರಿಸಲು ಮಾತ್ರ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು.

ಮುಳಬಾಗಿಲಿನ ವಡ್ಡಹಳ್ಳಿ ಮಾರುಕಟ್ಟೆಗೆ ಟೊಮೆಟೊ ತರುವ ರೈತನೊಬ್ಬನು ಸಸಿ, ಗೊಬ್ಬರ, ಕಡ್ಡಿ, ಔಷಧಿಗಳಿಗೆಂದು ಎಕರೆಗೆ ಎರಡು ಲಕ್ಷ ರೂಪಾಯಿ ಖರ್ಚು ಮಾಡಿರುತ್ತಾನೆ ಎಂದಿಟ್ಟುಕೊಳ್ಳೋಣ. ಹಣ್ಣು ಕೆಂಪಾದ ದಿನ ಬೆಲೆ ಕುಸಿದಿದೆ. ಕೊಯ್ಯಬೇಕೇ, ಬಿಡಬೇಕೇ? ‘ಎರಡು ಲಕ್ಷ ಸುರಿದಿದ್ದೇನೆ, ಬಂದಷ್ಟು ಬರಲಿ’ ಎಂದು ಹೆಚ್ಚಿನವರು ಕೊಯ್ಯುತ್ತಾರೆ. ನಿರ್ವಹಣಾ ಶಾಸ್ತ್ರದ ಪ್ರಕಾರ ಆ ಎರಡು ಲಕ್ಷಕ್ಕೂ ಈ ದಿನದ ತೀರ್ಮಾನಕ್ಕೂ ಸಂಬಂಧವಿಲ್ಲ. ಕೊಯ್ದರೂ ಬಿಟ್ಟರೂ ಅದು ಖರ್ಚಾಗಿಯೇ ಹೋಗಿದೆ. ಈಗ ನೋಡಬೇಕಾದದ್ದು ಇನ್ನು ಮುಂದೆ ಆಗುವ ಖರ್ಚನ್ನು ಮಾತ್ರ. ಪೆಟ್ಟಿಗೆಯೊಂದಕ್ಕೆ ಕೊಯ್ಲಿನ ಕೂಲಿ 18 ರೂಪಾಯಿ, ಸಾಗಣೆ ಮತ್ತು ಇಳಿಸುವ ಕೂಲಿ 25 ರೂಪಾಯಿ, ಮಂಡಿಯಲ್ಲಿ ನೂರಕ್ಕೆ ಹತ್ತು ರೂಪಾಯಿ ಕಡಿತವೆಂದರೆ, ಬೆಲೆ 70 ರೂಪಾಯಿ ಇದ್ದಾಗ ಕೈಗೆ 20 ರೂಪಾಯಿ ಉಳಿಯುತ್ತದೆ. ಬೆಲೆ 45 ರೂಪಾಯಿಗೆ ಇಳಿದರೆ ಪೆಟ್ಟಿಗೆಗೆ ಎರಡೂವರೆ ರೂಪಾಯಿ ಕೈಯಿಂದ ಹೋಗುತ್ತದೆ. ಅಂದರೆ ಸುಮಾರು 48 ರೂಪಾಯಿಯೇ ಇಲ್ಲಿ ಗಡಿ. ಈ ಗಡಿ ಗೊತ್ತಿದ್ದ ರೈತ ಹಿಂದಿನ ಸಂಜೆಯ ಹರಾಜಿನ ಬೆಲೆ ಕೇಳಿಕೊಂಡು ಕೂಲಿಯಾಳುಗಳನ್ನು ಕರೆಯಬೇಕೋ ಬೇಡವೋ ಎಂದು ನಿರ್ಧರಿಸಬಲ್ಲ. ಮನೆಯವರೇ ಕೊಯ್ಯುವುದಾದರೆ ಗಡಿ ಇನ್ನೂ ಕೆಳಗಿಳಿಯುತ್ತದೆ. ಮಾಗಿದ ಹಣ್ಣನ್ನು ಗಿಡದಲ್ಲೇ ಬಿಟ್ಟರೆ ಮುಂದಿನ ಕೊಯ್ಲಿಗೆ ಹಾನಿಯಾಗುವ ಸಂಭವವಿದ್ದಲ್ಲಿ ಆ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಶಾಸ್ತ್ರ ಕಲಿತವನು ಹೊಲ ಅರಿಯದಿದ್ದರೆ ಮರೆಯುವುದು ಇದನ್ನೇ.

ಎರಡನೆಯ ಉದಾಹರಣೆ ಶ್ರೀನಿವಾಸಪುರದ ಮಾವಿನದು. ಮಾವಿನ ತೋಪನ್ನು ಹೂವು ಬಿಟ್ಟ ಹೊತ್ತಿಗೇ ವ್ಯಾಪಾರಿಗೆ ಗುತ್ತಿಗೆ ಕೊಡುವ ಪದ್ಧತಿ ಅಲ್ಲಿ ಹಳೆಯದು. ನಾಲ್ಕು ಎಕರೆ ತೋಪಿಗೆ ವ್ಯಾಪಾರಿ 1,20,000 ರೂಪಾಯಿ ಕೇಳಿದ್ದಾನೆ. ತಾನೇ ಔಷಧಿ ಹೊಡೆದು, ಕಾವಲಿದ್ದು, ಕಿತ್ತು ಮಾರಿದರೆ ಖರ್ಚು ಕಳೆದು ಒಳ್ಳೆಯ ವರ್ಷ 2,40,000, ಸಾಧಾರಣ ವರ್ಷ 1,30,000, ಆಲಿಕಲ್ಲು ಬಿದ್ದೋ ಬೆಲೆ ಕುಸಿದೋ ಕೆಟ್ಟ ವರ್ಷ 30,000 ರೂಪಾಯಿ ಉಳಿಯುತ್ತದೆ. ಹತ್ತು ವರ್ಷಗಳಲ್ಲಿ ಮೂರು ಒಳ್ಳೆಯವು, ನಾಲ್ಕು ಸಾಧಾರಣ, ಮೂರು ಕೆಟ್ಟವು ಎಂದು ಅನುಭವ ಹೇಳಿದರೆ ವರ್ಷದ ಸರಾಸರಿ 1,33,000 ರೂಪಾಯಿ. ಗುತ್ತಿಗೆಗಿಂತ 13,000 ಹೆಚ್ಚು. ಹಾಗೆಂದು ಗುತ್ತಿಗೆ ಕೊಡುವವರೆಲ್ಲ ದಡ್ಡರೆಂದು ತಿಳಿಯಬಾರದು. ತೀರಿಸಬೇಕಾದ ಸಾಲ ತಲೆಯ ಮೇಲಿದ್ದು ಬೇರೆ ಆದಾಯವಿಲ್ಲದ ಮನೆಗೆ ಒಂದು ಕೆಟ್ಟ ವರ್ಷವೇ ಜಮೀನು ಕಳೆಯಲು ಸಾಕು. ಅಂಥವರಿಗೆ 13,000 ರೂಪಾಯಿ ಬಿಟ್ಟುಕೊಟ್ಟು ನೆಮ್ಮದಿ ಪಡೆಯುವುದೇ ಲೇಸು. ನಾಲ್ಕು ಹಸುಗಳ ಹಾಲಿನ ಹಣ ಹದಿನೈದು ದಿನಕ್ಕೊಮ್ಮೆ ಬರುವ ಮನೆಯವರು ತೋಪನ್ನು ಕೈಯಲ್ಲಿಟ್ಟುಕೊಳ್ಳಬಹುದು. ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಯಾರಿಗೆ ಎಷ್ಟಿದೆ ಎಂದು ಅಳೆಯುವುದನ್ನೇ ಹಣಕಾಸು ನಿರ್ವಹಣೆಯ ತರಗತಿಗಳಲ್ಲಿ ತಿಂಗಳುಗಟ್ಟಲೆ ಕಲಿಸುತ್ತಾರೆ.

ಮಾರಾಟ ನಿರ್ವಹಣೆಯ ಪಾಠಗಳೂ ಹೀಗೆಯೇ. ಒಂದೇ ಊರಿನ ಕೊಳ್ಳುವವರನ್ನು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ 2025ರ ತೋತಾಪುರಿಗಿಂತ ದೊಡ್ಡ ಪಾಠ ಪುಸ್ತಕದಲ್ಲಿಲ್ಲ.

ಎಲ್ಲಿ ಓದಬಹುದು?

ಯಾವುದೇ ವಿಷಯದ ಪದವೀಧರರು ಸಾಮಾನ್ಯ ಎಂ.ಬಿ.ಎ.ಗೆ ಸೇರಬಹುದು. ಪದವಿಯಲ್ಲಿ ಶೇಕಡ 50 ಅಂಕ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ಕ್ಕೆ ಸೇರಿದವರಿಗೆ ಶೇಕಡ 45 ಅಂಕ ಬೇಕು. ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ. ಪರೀಕ್ಷೆಯ ಮೂಲಕ ಹಂಚುತ್ತದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವನ್ನು ವಿಭಜಿಸಿ ಕೋಲಾರದಲ್ಲಿಯೇ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಮೇಲೆ ಈ ಭಾಗದ ವಿದ್ಯಾರ್ಥಿಗಳಿಗೆ ಅನುಕೂಲವಾಗಿದೆ. ಕೆಲಸ ಬಿಡಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣವಿದೆ.

ಬೇಸಾಯದ ಮನೆಯ ಮಕ್ಕಳು ಮುಖ್ಯವಾಗಿ ಗಮನಿಸಬೇಕಾದದ್ದು ಕೃಷಿ ವ್ಯವಹಾರ ನಿರ್ವಹಣೆ ಎಂಬ ಬೇರೆಯೇ ಆದ ಶಾಖೆಯನ್ನು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಈ ಎಂ.ಬಿ.ಎ. ಇದೆ. ಹೈದರಾಬಾದಿನಲ್ಲಿ 1987ರಲ್ಲಿ ಸ್ಥಾಪನೆಯಾದ ಮ್ಯಾನೇಜ್ ಸಂಸ್ಥೆಯು 1996ರಿಂದ ಕೃಷಿ ವ್ಯವಹಾರದ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತಿದೆ. ಅಹಮದಾಬಾದಿನ ಐ.ಐ.ಎಂ. ಆಹಾರ ಮತ್ತು ಕೃಷಿ ವ್ಯವಹಾರಕ್ಕೆಂದೇ ಪ್ರತ್ಯೇಕ ಶಿಕ್ಷಣ ನಡೆಸುತ್ತದೆ. ಕ್ಷೀರಕ್ರಾಂತಿಯ ವರ್ಗೀಸ್ ಕುರಿಯನ್ ಅವರು ಹಾಲು ಸಹಕಾರ ಸಂಘಗಳನ್ನು ನಡೆಸಬಲ್ಲ ನಿರ್ವಾಹಕರು ಬೇಕೆಂದು 1979ರಲ್ಲಿ ಗುಜರಾತಿನ ಆನಂದದಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆಯನ್ನು ಕಟ್ಟಿದರು. ಇವುಗಳಲ್ಲಿ ಹಲವಕ್ಕೆ ಪ್ರತಿವರ್ಷ ನವೆಂಬರ್ ಸುಮಾರಿಗೆ ನಡೆಯುವ ಕ್ಯಾಟ್ ಪರೀಕ್ಷೆಯ ಅಂಕ ಬೇಕಾಗುತ್ತದೆ. ಕೃಷಿ ಶಾಖೆಯ ಸಂಸ್ಥೆಗಳು ಹೆಚ್ಚಾಗಿ ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಮುಂತಾದ ಪದವೀಧರರನ್ನೇ ಆರಿಸುವುದರಿಂದ ಪಿ.ಯು.ಸಿ. ಮುಗಿಸಿದಾಗಲೇ ಈ ದಾರಿಯನ್ನು ಯೋಚಿಸಬೇಕು. ಕೋಲಾರದ ಟಮಕದಲ್ಲಿರುವ ತೋಟಗಾರಿಕಾ ಮಹಾವಿದ್ಯಾಲಯ ಇದಕ್ಕೆ ಹತ್ತಿರದ ಮೆಟ್ಟಿಲು.

ಖಾಸಗಿ ಕಾಲೇಜುಗಳ ಬಗ್ಗೆ ಒಂದು ಎಚ್ಚರಿಕೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ, ಕಳೆದ ಎರಡು ಮೂರು ವರ್ಷ ಅಲ್ಲಿ ಓದಿದವರು ಎಲ್ಲಿ, ಯಾವ ಕೆಲಸದಲ್ಲಿದ್ದಾರೆ ಎಂದು ಆ ವಿದ್ಯಾರ್ಥಿಗಳನ್ನೇ ಕಂಡು ಕೇಳಬೇಕು. ಬಣ್ಣದ ಕರಪತ್ರ ನೋಡಿ ಸೇರುವುದೂ, ಚೀಲದ ಮೇಲಿನ ಚಿತ್ರ ನೋಡಿ ಬಿತ್ತನೆ ಬೀಜ ಕೊಳ್ಳುವುದೂ ಒಂದೇ.

ಖರ್ಚಿನ ಲೆಕ್ಕ

ಕೊಳವೆ ಬಾವಿ ಕೊರೆಸುವ ಮೊದಲು ಹತ್ತು ಜನರನ್ನು ಕೇಳುವ ರೈತ, ಮಗನ ಅಥವಾ ಮಗಳ ಓದಿನ ವಿಷಯದಲ್ಲಿ ಲೆಕ್ಕ ಮಾಡಲು ಸಂಕೋಚಪಡುತ್ತಾನೆ. ಸಂಕೋಚ ಬೇಡ. ವರ್ಷಕ್ಕೆ ಎರಡು ಲಕ್ಷ ರೂಪಾಯಿ ಶುಲ್ಕ, ಊಟ ವಸತಿಗೆ 1,20,000 ಎಂದರೆ ಎರಡು ವರ್ಷಕ್ಕೆ 6,40,000 ರೂಪಾಯಿ. ಇದಕ್ಕೆ ಇನ್ನೊಂದು ಮೊತ್ತವನ್ನು ಸೇರಿಸಬೇಕು. ಆ ಎರಡು ವರ್ಷ ಅವರು ಕೆಲಸಕ್ಕೆ ಸೇರಿದ್ದರೆ ತಿಂಗಳಿಗೆ 15,000ದಂತೆ 3,60,000 ರೂಪಾಯಿ ದುಡಿಯುತ್ತಿದ್ದರು. ಹೀಗೆ ನಿಜವಾದ ವೆಚ್ಚ ಹತ್ತು ಲಕ್ಷ.

6,40,000 ರೂಪಾಯಿಯನ್ನು ಶೇಕಡ 10ರ ಬಡ್ಡಿಯಲ್ಲಿ ಬ್ಯಾಂಕಿನಿಂದ ಪಡೆದರೆ, ಓದುವ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲವಾದರೂ ಬಡ್ಡಿ ಬೆಳೆಯುತ್ತಿರುತ್ತದೆ. ಕಂತು ಆರಂಭವಾಗುವ ಹೊತ್ತಿಗೆ ಸಾಲ ಸುಮಾರು ಎಂಟು ಲಕ್ಷವಾಗಿರುತ್ತದೆ. ಅದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ 13,300 ರೂಪಾಯಿಯಷ್ಟು ಕಟ್ಟಬೇಕು. ಮೊದಲ ಸಂಬಳ 25,000 ಇದ್ದರೆ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿಗೇ ಹೋಯಿತು. ಆದ್ದರಿಂದ ಆಡಳಿತ ಮಂಡಳಿ ಕೋಟಾದಲ್ಲಿ ದುಬಾರಿ ಸೀಟು ಕೊಳ್ಳುವುದಕ್ಕಿಂತ ಒಂದು ವರ್ಷ ತಡವಾದರೂ ಪರೀಕ್ಷೆಗೆ ಚೆನ್ನಾಗಿ ಸಿದ್ಧವಾಗಿ ಸರ್ಕಾರಿ ಸೀಟು ಪಡೆಯುವುದು ಮೇಲು. ನೀರಿರುವ ಜಮೀನನ್ನು ಮಾರಿ ಶುಲ್ಕ ಕಟ್ಟುವುದಂತೂ ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ.

ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುವುದಿಲ್ಲ. ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯು ಆಯ್ದ ಉತ್ತಮ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕುಟುಂಬದ ವಾರ್ಷಿಕ ವರಮಾನ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇಕಡ 3ರ ಬಡ್ಡಿ ರಿಯಾಯಿತಿ ಇದರಲ್ಲಿದೆ. ರಾಜ್ಯ ಸರ್ಕಾರವು 2021ರಲ್ಲಿ ರೈತರ ಮಕ್ಕಳಿಗಾಗಿ ಆರಂಭಿಸಿದ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದಿಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ಗೊತ್ತುಪಡಿಸಿತ್ತು. ಆಯಾ ವರ್ಷದ ಸ್ಥಿತಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಓದಿ ಬಂದವರಿಗೆ ಊರಿನ ಹತ್ತಿರ ಕೆಲಸ

ಎಂ.ಬಿ.ಎ. ಎಂದರೆ ಬೆಂಗಳೂರಿನ ಕಚೇರಿ ಎಂಬ ಭಾವನೆ ಪೂರ್ತಿ ನಿಜವಲ್ಲ. ಕಂಪನಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ರೈತರು ತಾವೇ ಸೇರಿ ಉತ್ಪಾದಕರ ಕಂಪನಿ ಕಟ್ಟಲು ಅವಕಾಶವಾಯಿತು. ದೇಶದಲ್ಲಿ ಇಂಥ ಹತ್ತು ಸಾವಿರ ಸಂಸ್ಥೆಗಳನ್ನು ಕಟ್ಟಲು 2020ರಲ್ಲಿ ಕೇಂದ್ರ ಸರ್ಕಾರ ಹಾಕಿಕೊಂಡ ಯೋಜನೆಯಲ್ಲಿ ಪ್ರತಿ ಸಂಸ್ಥೆಗೆ ಮೂರು ವರ್ಷಗಳಿಗೆ 18 ಲಕ್ಷ ರೂಪಾಯಿವರೆಗೆ ನೆರವು ಗೊತ್ತುಪಡಿಸಲಾಯಿತು. ಮುಖ್ಯ ಕಾರ್ಯನಿರ್ವಾಹಕರ ಸಂಬಳಕ್ಕೆ ತಿಂಗಳಿಗೆ 25,000ದವರೆಗೆ ಇದರಲ್ಲಿಯೇ ಸೇರಿತ್ತು. ಈ ಹುದ್ದೆಗೆ ಕೃಷಿ, ಕೃಷಿ ಮಾರಾಟ ಅಥವಾ ವ್ಯವಹಾರ ನಿರ್ವಹಣೆ ಓದಿದವರೇ ಬೇಕು. ಮೂರು ವರ್ಷದ ನೆರವು ಮುಗಿದ ಮೇಲೆ ಸಂಸ್ಥೆಯ ಲಾಭದಿಂದಲೇ ಸಂಬಳ ಹುಟ್ಟಬೇಕಾದ್ದರಿಂದ ಇದು ಸುಲಭದ ಕೆಲಸವಲ್ಲ. ಇದಲ್ಲದೆ ಹಾಲು ಒಕ್ಕೂಟ, ಬ್ಯಾಂಕು, ಬೀಜ ಮತ್ತು ಹನಿ ನೀರಾವರಿ ಕಂಪನಿಗಳು, ತರಕಾರಿಯನ್ನು ನೇರವಾಗಿ ಕೊಳ್ಳುವ ಸಂಸ್ಥೆಗಳು ಇಂಥವರನ್ನು ತೆಗೆದುಕೊಳ್ಳುತ್ತವೆ. ಕೃಷಿ ಪದವೀಧರರು ಸ್ವಂತ ಉದ್ಯೋಗ ಹೂಡಲು 2002ರಲ್ಲಿ ಆರಂಭವಾದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರ ಯೋಜನೆಯಲ್ಲಿ ಉಚಿತ ತರಬೇತಿಯೂ, ಬ್ಯಾಂಕ್ ಸಾಲಕ್ಕೆ ಸಹಾಯಧನವೂ ಇದೆ.

ಮೊದಲ ವರ್ಷ ಮುಗಿದ ಮೇಲೆ ವಿದ್ಯಾರ್ಥಿಗಳು ಎಂಟು ವಾರಗಳಷ್ಟು ಕಾಲ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡಿ ವರದಿ ಬರೆಯಬೇಕು. ಇದು ಬಹುಮಟ್ಟಿಗೆ ಬೇಸಿಗೆಯಲ್ಲಿ, ಅಂದರೆ ಶ್ರೀನಿವಾಸಪುರದಲ್ಲಿ ಮಾವು ಮಾರುಕಟ್ಟೆಗೆ ಬರುವ ಕಾಲಕ್ಕೇ ಬೀಳುತ್ತದೆ. ತಾಲ್ಲೂಕಿನ ತೋತಾಪುರಿ ಯಾವ ಯಾವ ಕಾರ್ಖಾನೆಗೆ ಎಷ್ಟು ಹೋಗುತ್ತದೆ, ಬಾದಾಮಿ ಮತ್ತು ಮಲ್ಲಿಕಾ ಹಣ್ಣನ್ನು ವಿಂಗಡಿಸಿ ಪೆಟ್ಟಿಗೆಯಲ್ಲಿಟ್ಟರೆ ಕಿಲೋಗೆ ಎಷ್ಟು ಹೆಚ್ಚು ಸಿಗುತ್ತದೆ, ಇಲ್ಲಿಯೇ ತಿರುಳು ತೆಗೆಯುವ ಸಣ್ಣ ಘಟಕ ವರ್ಷದಲ್ಲಿ ಎಷ್ಟು ದಿನ ನಡೆದರೆ ನಷ್ಟವಾಗದು ಎಂಬಿಷ್ಟು ವಿಷಯಗಳಲ್ಲಿ ಒಂದನ್ನು ಆರಿಸಿಕೊಂಡರೂ ವರದಿಯೂ ಆಗುತ್ತದೆ, ಊರಿನ ಬೆಳೆಗಾರರ ಕೈಗೆ ಒಂದು ಲೆಕ್ಕವೂ ಸಿಗುತ್ತದೆ. ಇದಕ್ಕೆ ಮಾರ್ಚ್ ತಿಂಗಳೊಳಗೆ ಪ್ರಾಧ್ಯಾಪಕರ ಒಪ್ಪಿಗೆ ಪಡೆದು, ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಯವರಿಂದ ಹಿಂದಿನ ಐದು ವರ್ಷಗಳ ಆವಕ ಮತ್ತು ಬೆಲೆಯ ಪಟ್ಟಿ ಕೇಳಿ ಪಡೆದುಕೊಳ್ಳಬೇಕು.