ಬ್ಯಾಕಪ್ ಮರಳಿಸುವ ಮುನ್ನ

ಪ್ರಶ್ನೆ: ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯಲ್ಲಿ ಲೆಕ್ಕದ ಕಂಪ್ಯೂಟರ್ ಕೆಟ್ಟರೆ, ಬ್ಯಾಕಪ್‌ನಿಂದ ದಾಖಲೆಗಳನ್ನು ಮರಳಿ ಪಡೆಯುವ ಮೊದಲು ಏನು ಮಾಡಿಕೊಳ್ಳಬೇಕು?

ಉತ್ತರ: ಬ್ಯಾಕಪ್, ಅಂದರೆ ದತ್ತಾಂಶದ ಪ್ರತ್ಯೇಕ ನಕಲು, ಕೈಯಲ್ಲಿದೆಯೆಂಬ ಧೈರ್ಯದಿಂದ ಕೂಡಲೇ ರಿಸ್ಟೋರ್ ಒತ್ತುವುದೇ ಇಲ್ಲಿನ ದೊಡ್ಡ ಅಪಾಯ. ಜಿಎಸ್‌ಟಿ ನಿಯಮಗಳು ವಿದ್ಯುನ್ಮಾನ ದಾಖಲೆಗಳಿಗೆ ಬ್ಯಾಕಪ್ ಇರಬೇಕೆಂದು ವಿಧಿಸುತ್ತವೆ, ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಉಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಆ ನಕಲು ತೆರೆದುಕೊಳ್ಳುವುದೋ ಇಲ್ಲವೋ ಎಂದು ನೋಡಿಕೊಳ್ಳುವ ಹೊಣೆ ಕಾರ್ಖಾನೆಯದೇ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಟ್ಯಾಲಿ ಕಂಪನಿಯ ಲೆಕ್ಕದ ತಂತ್ರಾಂಶವನ್ನೇ ತೆಗೆದುಕೊಂಡರೆ, ಅದು ಪ್ರತಿ ಸಂಸ್ಥೆಯ ಲೆಕ್ಕವನ್ನೂ 10000ದಂಥ ಸಂಖ್ಯೆ ಹೊತ್ತ ಬೇರೆ ಬೇರೆ ಫೋಲ್ಡರ್‌ನಲ್ಲಿ ಇಡುವುದರಿಂದ, ಹಳೆಯ ಬ್ಯಾಕಪ್ಪನ್ನು ಅದೇ ಜಾಗಕ್ಕೆ ಮರಳಿಸಿದಾಗ ಆಮೇಲೆ ಬರೆದ ವೋಚರುಗಳು ಅಳಿಸಿಹೋಗಬಹುದು. ಆದ್ದರಿಂದ ಕೆಟ್ಟ ಡಿಸ್ಕಿನಲ್ಲಿ ಓದಲು ಸಿಕ್ಕಷ್ಟನ್ನು ಮೊದಲು ಬೇರೆಡೆಗೆ ನಕಲಿಸಿಟ್ಟು, ಖಾಲಿ ಫೋಲ್ಡರ್‌ಗೆ ಮರಳಿಸುವುದೇ ಲೇಸು. ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆಯದಿರಬಹುದಾದ ಕಾರಣ ಆವೃತ್ತಿಯನ್ನೂ ಪಾಸ್‌ವರ್ಡನ್ನೂ ಬರೆದಿಟ್ಟುಕೊಂಡಿರಬೇಕು. ಕಂಪ್ಯೂಟರಿಗೆ ವೈರಸ್ ತಗುಲಿದ್ದಲ್ಲಿ, ಅದು ಸ್ವಚ್ಛವಾಗುವವರೆಗೆ ಬ್ಯಾಕಪ್ ಇರುವ ಪೆನ್‌ಡ್ರೈವನ್ನು ಚುಚ್ಚಲೇಬಾರದು.

ಕನ್ನಡ ಕಚೇರಿಗಳು ಮರೆಯುವ ಸಂಗತಿ ಇನ್ನೊಂದಿದೆ: ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯ ಪತ್ರಗಳು, ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುವುದರಿಂದ ಕಡತವೇ ಕೆಟ್ಟಿತೆಂದು ಗಾಬರಿ ಹುಟ್ಟುತ್ತದೆ, ನುಡಿಯನ್ನು ಮೊದಲೇ ಅಳವಡಿಸಿಕೊಂಡರೆ ಸಾಕು. ಮರಳಿಸಿದ ಲೆಕ್ಕದ ಕೊನೆಯ ವೋಚರ್ ಸಂಖ್ಯೆಯನ್ನು ಬಿಲ್ ಪುಸ್ತಕದೊಂದಿಗೂ ಬಾಕಿಯನ್ನು ಬ್ಯಾಂಕ್ ಸ್ಟೇಟ್‌ಮೆಂಟಿನೊಂದಿಗೂ ತಾಳೆ ನೋಡುವವರೆಗೆ ಹೊಸ ನಮೂದು ಮಾಡಕೂಡದು.